ಶಿಕಾಗೋದಲ್ಲಿ ಅಳಿದ ರನ್‌ವೇ, ಕಂಪ್ಯೂಟರಿನಲ್ಲಿ ಉಳಿದ ರನ್‌ವೇ

2003ರ ಮಾರ್ಚ್ 30, ಭಾನುವಾರ. ಅಮೆರಿಕದ ಶಿಕಾಗೋ ನಗರದಲ್ಲಿ ನಡುರಾತ್ರಿಯ ಹೊತ್ತಿಗೆ ಮೇಯರ್ ರಿಚರ್ಡ್ ಡೇಲಿ ಅವರ ಆದೇಶದಂತೆ ಬುಲ್ಡೋಜರ್‌ಗಳು ಮೇಗ್ಸ್ ಫೀಲ್ಡ್ ಎಂಬ ಪುಟ್ಟ ವಿಮಾನ ನಿಲ್ದಾಣಕ್ಕೆ ನುಗ್ಗಿದವು. ಬೆಳಗಾಗುವಷ್ಟರಲ್ಲಿ ರನ್‌ವೇ ಮೇಲೆ ದೊಡ್ಡ ದೊಡ್ಡ ಇಂಟು ಗುರುತುಗಳನ್ನು ಅಗೆದಿದ್ದರು. ಹದಿನಾರು ವಿಮಾನಗಳು ಹಾರಲಾಗದೆ ಅಲ್ಲೇ ಸಿಕ್ಕಿಕೊಂಡವು. ಈಗ ಆ ಜಾಗದಲ್ಲಿ ಉದ್ಯಾನವಿದೆ.

ಸುದ್ದಿ ಕೇಳಿ ಶಿಕಾಗೋವನ್ನೇ ನೋಡದ ಸಾವಿರಾರು ಜನ ಮರುಗಿದರು. ಯಾಕೆಂದರೆ ಅವರೆಲ್ಲ ವಿಮಾನ ಓಡಿಸಲು ಕಲಿತದ್ದು ಅಲ್ಲೇ, ಕಂಪ್ಯೂಟರ್ ಪರದೆಯ ಮೇಲೆ.

ಬ್ರೂಸ್ ಆರ್ಟ್‌ವಿಕ್ ಎಂಬುವರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ವಿಮಾನದಿಂದ ಕಾಣುವ ನೋಟವನ್ನು ಕಂಪ್ಯೂಟರಿನಲ್ಲಿ ಮೂಡಿಸುವ ಬಗೆಯನ್ನು ಹುಡುಕಿದ್ದರು. ಅವರ ಕೆಲಸದಿಂದ ಬೆಳೆದ ಫ್ಲೈಟ್ ಸಿಮ್ಯುಲೇಟರನ್ನು ಮೈಕ್ರೋಸಾಫ್ಟ್ 1982ರ ನವೆಂಬರಿನಲ್ಲಿ ಮಾರಾಟಕ್ಕೆ ತಂದಿತು. ಆಟ ತೆರೆದರೆ ನಿಮ್ಮ ವಿಮಾನ ನಿಂತಿರುತ್ತಿದ್ದದ್ದು ಮೇಗ್ಸ್ ರನ್‌ವೇ ಮೇಲೆ. ಪಕ್ಕದಲ್ಲಿ ಮಿಷಿಗನ್ ಸರೋವರ, ಎದುರಿಗೆ ಗೆರೆಗಳಲ್ಲಿ ಬರೆದ ಎತ್ತರದ ಕಟ್ಟಡಗಳು. ಅಷ್ಟೇ.

ಈ ನೆಲ, ನೀರು, ರಸ್ತೆ, ಕಟ್ಟಡ, ರನ್‌ವೇಗಳನ್ನು ಒಟ್ಟಾಗಿ 'ಸೀನರಿ' ಎನ್ನುತ್ತಾರೆ. ನಮ್ಮೂರುಗಳ ನಾಟಕಕ್ಕೆ ಬಾಡಿಗೆಗೆ ತರುವ ಡ್ರಾಮಾ ಸೀನರಿ ಇದೆಯಲ್ಲ, ಅದೇ ಮಾತು. ಅಲ್ಲಿ ಅರಮನೆ, ಕಾಡು ಬರೆದ ಪರದೆ ಇಳಿಬಿಡುತ್ತಾರೆ. ಇಲ್ಲಿ ಇಡೀ ಭೂಮಿಯನ್ನೇ ಹಾಸುತ್ತಾರೆ.

ಮೊದಲು ಈ ಸೀನರಿ ಮಾಡುವವರು ಕಂಪನಿಯವರು. 1990ರಲ್ಲಿ 'ಏರ್‌ಕ್ರಾಫ್ಟ್ ಅಂಡ್ ಸೀನರಿ ಡಿಸೈನರ್' ಎಂಬ ಜೊತೆ ತಂತ್ರಾಂಶ ಬಂತು. ಆಟ ಕೊಂಡವರೇ ತಮಗೆ ಬೇಕಾದಲ್ಲಿ ಕಟ್ಟಡ, ರಸ್ತೆ ಇಡಬಹುದಾಯಿತು. ಮುಂದೆ ಹವ್ಯಾಸಿಗಳು ತಾವೇ ಇಂಥ ಸಲಕರಣೆಗಳನ್ನು ಬರೆದು ಪುಕ್ಕಟೆ ಹಂಚಿದರು. ಹಾಗಾಗಿಯೇ 2006ರ ಆವೃತ್ತಿಯಲ್ಲಿ ಕಂಪನಿ ಮೇಗ್ಸನ್ನು ಕೈಬಿಟ್ಟರೂ ಹವ್ಯಾಸಿಗಳು ಬಿಡಲಿಲ್ಲ. ಅದನ್ನು ಮತ್ತೆ ಕಟ್ಟಿ ಆಟಕ್ಕೆ ಸೇರಿಸಿಕೊಂಡರು.

ಕಲಿಯಬೇಕೆನ್ನುವವರಿಗೆ ಇಂದು 'ವರ್ಲ್ಡ್ ಎಡಿಟರ್' ಇದೆ. ಎಕ್ಸ್-ಪ್ಲೇನ್ ಆಟ ತಯಾರಿಸುವವರೇ ಇದನ್ನು ಉಚಿತವಾಗಿ ಕೊಡುತ್ತಾರೆ. ಮೊಬೈಲಿನಲ್ಲಿ ಆಗದು, ಕಂಪ್ಯೂಟರ್ ಬೇಕು. ಮೊದಲ ಪ್ರಯತ್ನಕ್ಕೆ ಒಂದೇ ರನ್‌ವೇ ಇರುವ ಚಿಕ್ಕ ನಿಲ್ದಾಣ ಸಾಕು. ಉಪಗ್ರಹ ಚಿತ್ರದ ಮೇಲೆ ರನ್‌ವೇಯ ಎರಡು ತುದಿ ಗುರುತಿಸಿ. ಆಮೇಲೆ ಅಗಲ, ಡಾಂಬರೋ ಮಣ್ಣೋ ಎಂಬುದು, ಸಂಖ್ಯೆ. ಸಂಖ್ಯೆ ಸುಮ್ಮನೆ ಇಡುವುದಲ್ಲ. ದಿಕ್ಸೂಚಿ ತೋರಿಸುವ ಡಿಗ್ರಿಯನ್ನು ಹತ್ತರಿಂದ ಭಾಗಿಸಬೇಕು. ಮೇಗ್ಸ್ ರನ್‌ವೇಯ ಸಂಖ್ಯೆ 18 ಮತ್ತು 36. ಅಂದರೆ ಒಂದು ಕಡೆಯಿಂದ ಹೊರಟರೆ 180 ಡಿಗ್ರಿ, ದಕ್ಷಿಣ. ಇನ್ನೊಂದು ಕಡೆಯಿಂದ 360, ಉತ್ತರ. ಇಷ್ಟಾದ ಮೇಲೆ ದೀಪ, ವಿಮಾನ ನಿಲ್ಲುವ ಜಾಗ, ಕಟ್ಟಡ.

ಅಂಕಿ ತಪ್ಪಿದರೆ ಏನಾಗುತ್ತದೆ? 2020ರ ಆಗಸ್ಟ್ 18ರಂದು ಬಂದ ಹೊಸ ಫ್ಲೈಟ್ ಸಿಮ್ಯುಲೇಟರಿನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಮನೆಗಳ ನಡುವೆ ಮುಗಿಲು ಮುಟ್ಟುವ ಕಡ್ಡಿಯಂಥ ಗೋಪುರ ಕಂಡಿತು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಯಾರೋ 2 ಮಹಡಿ ಎನ್ನುವ ಕಡೆ 212 ಎಂದು ತುಂಬಿದ್ದರು. ಕಂಪ್ಯೂಟರ್ ಪ್ರಶ್ನೆ ಕೇಳದೆ ಕಟ್ಟಿಬಿಟ್ಟಿತು.

ನಮಗೆ ಈ ಎರಡು ಕಥೆಗಳೂ ಒಂದೇ ಮಾತು ಹೇಳುತ್ತಿವೆ ಅನ್ನಿಸುತ್ತದೆ. ಸೀನರಿಯ ಲೋಕದಲ್ಲಿ ಯಾರೋ ಆಸ್ಥೆಯಿಂದ ಬರೆದದ್ದು ನೆಲದ ಮೇಲೆ ಅಳಿದರೂ ಉಳಿಯುತ್ತದೆ. ತಪ್ಪಾಗಿ ಬರೆದದ್ದು ಎದ್ದು ನಿಲ್ಲುತ್ತದೆ. ಯಾರೂ ಬರೆಯದ ಕಡೆ ಬರೀ ಅಂದಾಜಿನ ಗಿಡಮರ, ಅಂದಾಜಿನ ಮನೆ.

ನಮ್ಮ ಹಳ್ಳಿಗಳ ಪಾಡೂ ಇದೇ. ಅದೇ ಸಾರ್ವಜನಿಕ ನಕ್ಷೆಯನ್ನು ತೆರೆದು ನಿಮ್ಮೂರನ್ನು ಹುಡುಕಿ ನೋಡಿ. ಕೆರೆ ಇದೆಯೇ? ಶಾಲೆ? ಊರ ಹೆಸರು ಕನ್ನಡದಲ್ಲಿ ಸರಿಯಾಗಿದೆಯೇ? ಇಲ್ಲದಿದ್ದರೆ ಮೊಬೈಲಿನಿಂದಲೇ ಸೇರಿಸಬಹುದು. ಸೇರಿಸುವ ಮುನ್ನ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ. 2 ಮಹಡಿ 212 ಆಗುವುದು ಬೇಡ.