ನಮ್ಮ ನೆಲ-ನೀರಿನ ಹಳೆಯ ಲೆಕ್ಕ



ಹೊಸ ಬೀಜ, ಹೊಸ ಗೊಬ್ಬರದ ಮಾತು ನೀವು ದಿನಾ ಕೇಳುತ್ತೀರಿ. ಇವತ್ತು ಹಳೆಯ ಮಾತೊಂದನ್ನು ಹೇಳುತ್ತೇನೆ. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಮನುಷ್ಯ ನೆಲ-ನೀರಿನ ಸಂಗಡ ಹೇಗೆ ಬಾಳಿದ, ಎಲ್ಲಿ ಗೆದ್ದ, ಎಲ್ಲಿ ಸೋತ ಎಂಬ ಮಾತು. ಹಳೆಯ ಕಥೆಯಿಂದ ಹೊಟ್ಟೆ ತುಂಬುತ್ತದೇನ್ರಿ ಎಂದೀರಿ. ತುಸು ತಾಳಿ, ಮುಂದಿನ ಬೆಳೆಯ ಲೆಕ್ಕ ಇದರಲ್ಲೇ ಇದೆ.

ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ನೆಲ ಅಗೆದಾಗ ಹೊಸ ಶಿಲಾಯುಗದ ಸುಟ್ಟ ಕಾಳುಗಳು ಸಿಕ್ಕವು. ಯಾವ ಕಾಳು? ಹುರುಳಿ, ಹೆಸರು, ಕೊರಲೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಈ ಒಣ ಸೀಮೆಯ ಜನ ಮಳೆ ನೋಡಿ ಬೆಳೆ ಆರಿಸಿದ್ದರು. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಗುಡ್ಡ ಹತ್ತಿದರೆ, ಚಪ್ಪಡಿಗಲ್ಲು ನಿಲ್ಲಿಸಿ ಕಟ್ಟಿದ ನೂರಾರು ಕಲ್ಮನೆಗಳು ಕಾಣುತ್ತವೆ. ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಅವುಗಳ ನಡುವೆ ಒಂದು ಕೊಳವೂ ಇದೆ. ಅದು ಕಲ್ಲು ಕಿತ್ತ ಜಾಗ; ಅಲ್ಲಿ ಮಳೆನೀರು ನಿಂತಿದೆ.

ಮುಂದೆ ವಿಜಯನಗರದ ಕಾಲ ಬಂತು. ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿ ಕಾಲುವೆ ತೆಗೆದರು. ಆನೆಗೊಂದಿ ಸೀಮೆಯಲ್ಲಿ ಆ ಕಾಲುವೆಗಳ ನೀರು ಇವತ್ತಿಗೂ ಗದ್ದೆಗೆ ಹರಿಯುತ್ತಿದೆ. ಆದರೆ ಮಳೆನೀರಿನ ಕೆರೆಗಳ ಗತಿ ಬೇರೆ. ಕ್ಯಾಥ್ಲೀನ್ ಮಾರಿಸನ್ ಎಂಬ ಅಮೆರಿಕದ ವಿದುಷಿ ಹಂಪಿ ಸುತ್ತಿನ ಕೆರೆಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಕಮಲಾಪುರ ಕೆರೆಯ ತಳದ ಹೂಳು ತೆಗೆದು, ಅದರೊಳಗಿನ ಹೂವಿನ ಪರಾಗ ನೋಡಿ, ಸುತ್ತಣ ಗಿಡಗಂಟಿ ಕಾಲಕಾಲಕ್ಕೆ ಹೇಗೆ ಬದಲಾಯಿತೆಂದು ಲೆಕ್ಕ ಹಾಕಿದರು. ಅವರು ಕಂಡ ಮತ್ತೊಂದು ಸಂಗತಿ: ಕಟ್ಟಿದ ಕೆರೆಗಳೆಲ್ಲ ಬಾಳಲಿಲ್ಲ. ಹೂಳು ತುಂಬಿ ಎಷ್ಟೋ ಕೆರೆ ಪಾಳುಬಿದ್ದವು. ಅರಸನ ಹೆಸರು ಕಲ್ಲಿನ ಮೇಲೆ ಉಳಿಯಿತು, ನೀರು ಉಳಿಯಲಿಲ್ಲ.

ಇದೇ ಪಾಠ ನಮ್ಮ ಕಣ್ಣೆದುರಿಗೂ ಇದೆ. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರು. ಕಟ್ಟಿದಾಗ ಜಲಾಶಯ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಐದರಲ್ಲಿ ಒಂದು ಪಾಲು ಮಣ್ಣುಪಾಲು! 2024ರ ಆಗಸ್ಟಿನಲ್ಲಿ 19ನೆಯ ಗೇಟಿನ ಸರಪಳಿ ಹರಿದು ಗೇಟೇ ಕೊಚ್ಚಿಹೋಯಿತು. ಕೂಡಿಟ್ಟ ನೀರು ಹೊಳೆಯ ಪಾಲಾಯಿತು. ಕಟ್ಟಿದರೆ ಸಾಲದು, ಕಾಯಬೇಕು.

ಇನ್ನು ಎಡದಂಡೆಯ ಹೊಲಗಳ ಮಾತು. ಕಾಲುವೆ ಯೋಜಿಸಿದಾಗ ಹೆಚ್ಚು ಜಮೀನಿಗೆ ಜೋಳ, ಹತ್ತಿ, ಶೇಂಗಾದಂತಹ ಅರೆನೀರಾವರಿ ಬೆಳೆ ಗೊತ್ತುಮಾಡಿದ್ದರು. ಕಾಲುವೆಯ ತಲೆಯಲ್ಲಿದ್ದವರು ಭತ್ತ ಹಚ್ಚಿದರು. ಬಾಲದವರಿಗೆ ನೀರು ಮುಟ್ಟಲಿಲ್ಲ. ತಲೆಯಲ್ಲಿ ನೆಲವೇ ಕೆಟ್ಟಿತು. ಹೇಗೆ ಅಂತೀರಾ? ಎರೆಮಣ್ಣಿನಲ್ಲಿ ನೀರು ಬಸಿಯದೆ ನಿಂತರೆ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಉಪ್ಪು ಮೇಲೆ ಕೂರುತ್ತದೆ. ಅದೇ ಸವಳು-ಜವಳು. ಇದಕ್ಕೆ ಬಸಿಗಾಲುವೆಯೇ ಮದ್ದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರನ್ನು ಕಂಡರೆ ಮಣ್ಣು ನೋಡಿ ದಾರಿ ಹೇಳುತ್ತಾರೆ.

ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ರೈತರಿಗೆ ಪಾಠ ಇನ್ನೊಂದು ಬಗೆಯದು. ಹೊಲದ ಒಡ್ಡು ಒಡೆದರೆ ನಿಮ್ಮ ಮೇಲ್ಮಣ್ಣೇ ಕೆರೆಯ ಹೂಳಾಗುತ್ತದೆ. ಒಡ್ಡು ಕಟ್ಟಿದರೆ ಹೊಲವೂ ಉಳಿದೀತು, ಕೆರೆಯೂ ಉಳಿದೀತು. ಮಸಾರಿ ಹೊಲಕ್ಕೆ ಕೆರೆಯ ಹೂಳು ಹೇರಿದರೆ ತೇವ ಹಿಡಿಯುವ ಗುಣ ಹೆಚ್ಚುತ್ತದೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳ ಮುಂದಾಳುತನದಲ್ಲಿ ಜನ ಸೇರಿ ಹಿರೇಹಳ್ಳವನ್ನು ಹಸನು ಮಾಡಿದರು. ಮನಸ್ಸು ಮಾಡಿದರೆ ಆಗದ್ದೇನಿದೆ?

ಕೊನೆಗೊಂದು ಕೆಲಸ ಹೇಳುತ್ತೇನೆ. ನಿಮ್ಮೂರಿನ ಹಿರಿಯರ ಹತ್ತಿರ ಕೂತು ಕೇಳಿ: ಕೆರೆ ಯಾವಾಗ ಒಡೆಯಿತು, ಹೂಳು ಯಾವಾಗ ತೆಗೆದರು, ಯಾವ ಬರದಲ್ಲಿ ಯಾವ ಬೆಳೆ ಕೈಹಿಡಿಯಿತು. ಒಂದು ವಹಿಯಲ್ಲಿ ಬರೆದಿಡಿ. ಆ ಹಿರಿಯರು ಹೋದರೆ ಆ ಲೆಕ್ಕವೂ ಹೋಯಿತು. ಬರೆದಿಟ್ಟರೆ ನಿಮ್ಮ ಮಕ್ಕಳು ಅದೇ ತಪ್ಪನ್ನು ಮತ್ತೆ ಮಾಡಲಾರರು.