ದೋಣಿಯ ನೆನಪು, ಪಾಲಿನ ಮಾತು

ಕಡಲತಡಿಯ ಇಗರ್ಜಿಯೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯ ಹೊರಟವರು ಸಾಮಾನ್ಯವಾಗಿ ಅಡಿಗಲ್ಲಿನಿಂದಲೇ ಆರಂಭಿಸುತ್ತಾರೆ. ಆ ಕಾರ್ಯವನ್ನು ಈ ಸಂಚಿಕೆಯ ಇತರ ಲೇಖಕರು ಸಮರ್ಥವಾಗಿ ನೆರವೇರಿಸಿದ್ದಾರೆ. ನಾವು ಇಲ್ಲಿ ಹೇಳಬಯಸುವುದು ಇಗರ್ಜಿಯ ಅಂಗಳದಿಂದ ಕೆಳಗಿಳಿದು ಹೊಯಿಗೆಯ ಮೇಲೆ ನೂರು ಹೆಜ್ಜೆ ನಡೆದರೆ ಸಿಗುವ ದೋಣಿಚಪ್ಪರದ ಕಥೆಯನ್ನು. ತೆಂಗಿನ ಗರಿಯ ಆ ಚಪ್ಪರಕ್ಕೆ ಅಡಿಗಲ್ಲೂ ಇಲ್ಲ, ದಾಖಲೆಯೂ ಇಲ್ಲ. ಆದರೆ ನಮ್ಮ ಊರಿನ ಅರ್ಧ ಚರಿತ್ರೆ ಅಲ್ಲಿಯೇ ನಡೆದಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಭಾನುವಾರದ ಪೂಜೆ ಮುಗಿದ ಮೇಲೆ ಹಿರಿಯರು ಅಲ್ಲಿ ಸೇರುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿ. ಕೆಲವರು ಇಂದಿಗೂ ಕಡಲಿಗೆ ಹೋಗುವವರು, ಕೆಲವರು ಹೋಗುವುದನ್ನು ಬಿಟ್ಟವರು, ಇನ್ನು ಕೆಲವರು ಮುಂಬಯಿಯಲ್ಲಿಯೋ ಕೊಲ್ಲಿ ರಾಷ್ಟ್ರಗಳಲ್ಲಿಯೋ ದುಡಿದು ಮರಳಿ ಬಂದು, ಕೇವಲ ದೋಣಿಯ ಮೇಲಿನ ಪ್ರೀತಿಗಾಗಿ ಒಂದು ಪುಟ್ಟ ಪಾತಿಯನ್ನು ಇರಿಸಿಕೊಂಡವರು. ಮಾತು ಗಾಳಿಯ ವಿಷಯದಿಂದ ಹೊರಡುತ್ತದೆ, ಯಾವುದೋ ಹಳೆಯ ದೋಣಿಯ ನೆನಪಿಗೆ ಹೋಗುತ್ತದೆ, ಅಲ್ಲಿಂದ ಸರಕಾರ, ಸಾಲ, ಜಾತಿ, ನ್ಯಾಯ, ಅನ್ಯಾಯಗಳ ಕಡೆಗೆ ತೇಲಿ ಹೋಗಿ, ಮತ್ತೆ ದೋಣಿಗೇ ಬಂದು ನಿಲ್ಲುತ್ತದೆ. ದೋಣಿಯ ಮಾತಿಗೂ ಸಮಾಜದ ಮಾತಿಗೂ ಏನು ಸಂಬಂಧವೆಂದು ಚಿಕ್ಕಂದಿನಲ್ಲಿ ನಮಗೆ ಸೋಜಿಗವಾಗುತ್ತಿತ್ತು. ಎರಡೂ ಒಂದೇ ಮಾತೆಂದು ತಿಳಿಯಲು ನಮಗೆ ಬಹಳ ವರ್ಷಗಳು ಬೇಕಾದವು. ಆ ಒಂದು ಮಾತೇ ‘ಪಾಲು’.

ಮೊದಲು ದೋಣಿಯ ವಿಚಾರ. ನಮ್ಮ ಹಿರಿಯರ ಪಾತಿಗಳು ಒಂದೇ ಮರವನ್ನು ತೋಡಿ ಮಾಡಿದವುಗಳು. ಮಾವಿನ ಮರವೇ ಸಾಮಾನ್ಯ. ದೊಡ್ಡ ದೋಣಿಗಳ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹೊಲಿದ ದೋಣಿ ಅಲೆಯ ಹೊಡೆತಕ್ಕೆ ಸ್ವಲ್ಪ ಬಾಗುತ್ತದೆ, ಒಡೆಯುವುದಿಲ್ಲ. ಹೊಯಿಗೆಯ ಮೇಲೆ ಎಳೆದರೂ ಸಡಿಲವಾಗುವುದಿಲ್ಲ. ನೀರು ಮರವನ್ನು ತಿನ್ನದಂತೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುತ್ತಿದ್ದರು. ಹತ್ತಿಯ ನೂಲಿನ ಬಲೆಗಳು ಕೊಳೆಯದಂತೆ ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದರು. ಆ ಕಷಾಯ ಕುದಿಯುವ ದಿನ ಊರಿಗೆ ಊರೇ ಒಗರು ವಾಸನೆಯಿಂದ ತುಂಬುತ್ತಿತ್ತೆಂಬುದನ್ನು ಬಲ್ಲವರು ಈಗ ಕೆಲವರೇ ಉಳಿದಿದ್ದಾರೆ.

ಯಂತ್ರವಿಲ್ಲದ ಕಾಲದಲ್ಲಿ ಗಾಳಿಯೇ ಗಡಿಯಾರ. ರಾತ್ರಿ ನೆಲ ತಣಿದು ದಡದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಬೆಳಗಿನ ಜಾವಕ್ಕೆ ಮುನ್ನ ಹಾಯಿ ಬಿಚ್ಚಿ ಹೊರಡುವುದು; ನೆಲ ಕಾದು ಕಡಲಿನಿಂದ ದಡಕ್ಕೆ ಬೀಸುವ ಮಧ್ಯಾಹ್ನದ ಗಾಳಿಯಲ್ಲಿ ಮರಳುವುದು. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಭರತ, ಅಳಿವೆಯ ಬಾಯಲ್ಲಿ ಸರಿಯುವ ಮರಳದಿಣ್ಣೆ, ಹಕ್ಕಿಗಳು ಎರಗುವ ದಿಕ್ಕು, ಮೀನಿನ ಹಿಂಡು ಬಂದಾಗ ನೀರಿನ ಮೇಲೆ ಕಾಣುವ ಕಪ್ಪು ಛಾಯೆ, ಇವೇ ಅವರ ಪಠ್ಯಪುಸ್ತಕಗಳಾಗಿದ್ದವು. ಈ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ. ತಂದೆಯ ಎದುರು ದೋಣಿಯ ಮೂಲೆಯಲ್ಲಿ ಕುಳಿತ ಮಗನ ಕಣ್ಣಿಗೆ ಅದು ತಾನಾಗಿ ಇಳಿಯುತ್ತಿತ್ತು.

ಇನ್ನು ರಂಪಣಿ. ಕನ್ನಡ ಕರಾವಳಿಯ ಹಳೆಯ ತಲೆಮಾರಿನವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. ಕಿರಿಯರಿಗಾಗಿ ಎರಡು ಮಾತು. ಒಂದು ಕಿಲೋಮೀಟರಿಗೂ ಮೀರಿ ಚಾಚುವ ಈ ಮಹಾಬಲೆಯ ಒಂದು ಹಗ್ಗವನ್ನು ದಡದಲ್ಲಿರಿಸಿ, ದೋಣಿಯಿಂದ ಬಲೆಯನ್ನು ಬಿಡುತ್ತ ಹೋಗಿ, ಬಂಗುಡೆ ಅಥವಾ ಭೂತಾಯಿಯ ಹಿಂಡನ್ನು ಅರ್ಧಚಂದ್ರಾಕಾರವಾಗಿ ಸುತ್ತುವರಿದು, ಇನ್ನೊಂದು ಹಗ್ಗವನ್ನು ದೂರದಲ್ಲಿ ದಡಕ್ಕೆ ತರುತ್ತಿದ್ದರು. ಬಳಿಕ ಎರಡೂ ಕಡೆಗಳಲ್ಲಿ ಹತ್ತಾರು ಜನ ನಿಂತು ಗಂಟೆಗಟ್ಟಲೆ ಎಳೆಯುವುದು. ಈ ಬಲೆ ಒಬ್ಬನ ಸ್ವತ್ತಾಗಿರಲಿಲ್ಲ. ಪ್ರತಿಯೊಂದು ಮನೆಯವರೂ ತಾವು ಹೆಣೆದ ತುಂಡುಗಳನ್ನು ತಂದು ಜೋಡಿಸುತ್ತಿದ್ದರು. ತುಂಡಿಗೆ ಪಾಲು, ದೋಣಿಗೆ ಪಾಲು, ದುಡಿಮೆಗೆ ಪಾಲು ಎಂದು ಲೆಕ್ಕವಿತ್ತು. ಗಂಡು ದಿಕ್ಕಿಲ್ಲದ ಮನೆಯ ವಿಧವೆಗೂ ಆಕೆಯ ತುಂಡಿನ ಪಾಲು ಮುಟ್ಟುತ್ತಿತ್ತು. ದಾರಿಹೋಕನು ಹಗ್ಗಕ್ಕೆ ಕೈಕೊಟ್ಟರೆ ಅವನಿಗೂ ಒಂದು ಹಿಡಿ ಮೀನು. ಶಾಲೆಯಿಂದ ಬರುವಾಗ ಹಗ್ಗ ಹಿಡಿದ ನಮ್ಮನ್ನು ನೋಡಿ, “ತಮ್ಮಾ, ಕೈ ಹಾಕಿದೆಯಲ್ಲ, ಹಾಗಾದರೆ ನಿನಗೂ ಪಾಲುಂಟು” ಎಂದ ಹಿರಿಯರ ದನಿ ನಮ್ಮ ಕಿವಿಯಲ್ಲಿ ಇನ್ನೂ ಇದೆ.

ಆ ಹಗ್ಗವನ್ನು ಹಿಡಿದವರು ಒಂದೇ ಮತದವರಾಗಿರಲಿಲ್ಲ ಎಂಬುದನ್ನೂ ಇಲ್ಲಿ ಸ್ಮರಿಸುವುದು ಉಚಿತ. ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ, ಮೊಗೇರ, ದಾಲ್ದಿ ಮುಸಲ್ಮಾನ, ಕ್ರೈಸ್ತ, ಹೀಗೆ ಉತ್ತರ ಕನ್ನಡದ ತೀರದಲ್ಲಿ ಕಡಲನ್ನು ನಂಬಿದ ಜನ ಹಲವು ಬಗೆ. ದಡದ ಮೇಲೆ ಬಾವಿಯೂ ಬೀದಿಯೂ ಬೇರೆಬೇರೆಯಾಗಿದ್ದ ಕಾಲದಲ್ಲಿಯೂ ಅಳಿವೆಯ ಬಾಯಲ್ಲಿ ಮಗುಚಿದ ದೋಣಿ ಯಾರದೆಂದು ಕೇಳಿ ಯಾರೂ ಸಹಾಯಕ್ಕೆ ಹೋಗುತ್ತಿರಲಿಲ್ಲ. ಹಾಗೆಂದು ಆ ಕಾಲವನ್ನು ಸ್ವರ್ಗವೆಂದು ಬಣ್ಣಿಸುವುದು ಸಲ್ಲದು. ಸಾಲ ಕೊಟ್ಟ ದಲ್ಲಾಳಿಯು ಹೇಳಿದ್ದೇ ದರವಾಗಿತ್ತು. ಬುಟ್ಟಿ ಹೊತ್ತು ಹರದಾರಿಗಟ್ಟಲೆ ನಡೆಯುತ್ತಿದ್ದ ಹೆಂಗಸರ ದುಡಿಮೆಗೆ ಲೆಕ್ಕವಿರಲಿಲ್ಲ. ಮೀನು ಹೇರಳವಾಗಿ ಬಿದ್ದ ದಿನ ಕೊಳ್ಳುವವರಿಲ್ಲದೆ ಅದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಮಳೆಗಾಲದ ತಿಂಗಳುಗಳಲ್ಲಿ ಒಲೆ ಹೊತ್ತದ ಮನೆಗಳೂ ಇದ್ದವು.

ಪಾಲಿನ ತಕರಾರೂ ಯಂತ್ರದೊಂದಿಗೆ ಹುಟ್ಟಿದ್ದಲ್ಲ. 1940ರ ದಶಕದಲ್ಲಿ ಭೂತಾಯಿ ಅಪರೂಪವಾದಾಗ, ಅಂದು ದಕ್ಷಿಣ ಕನ್ನಡ ಜಿಲ್ಲೆಯನ್ನೂ ಆಳುತ್ತಿದ್ದ ಮದ್ರಾಸು ಸರಕಾರವು ಎಳೆಯ ಮೀನನ್ನು ಹಿಡಿಯುವ ಬಲೆಗಳ ಮೇಲೆ ಕೆಲವು ಕಾಲ ನಿರ್ಬಂಧ ಹೇರಿತ್ತು. ಮುಂದಿನ ವರ್ಷದ ಮೀನಿನಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

ಸ್ವಾತಂತ್ರ್ಯಾನಂತರ ಯಂತ್ರದ ದೋಣಿಗಳು ಬಂದವು. 1953ರಲ್ಲಿ ಕೇರಳದ ನೀಂಡಕರದಲ್ಲಿ ನಾರ್ವೆ ದೇಶದ ಸಹಾಯದಿಂದ ಯೋಜನೆಯೊಂದು ಆರಂಭವಾಯಿತು. 1960ರ ದಶಕದಲ್ಲಿ ಸೀಗಡಿಗೆ ವಿದೇಶದಲ್ಲಿ ಬೆಲೆ ಬರಲು, ಕಡಲ ತಳವನ್ನು ಗುಡಿಸುವ ಟ್ರಾಲ್ ದೋಣಿಗಳು ಮಂಗಳೂರು, ಮಲ್ಪೆಗಳಲ್ಲಿ ಹೆಚ್ಚಿದವು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬಲೆ ಬಂದಿತು. ಇದು ಮೀನಿನ ಹಿಂಡನ್ನು ನಡುಗಡಲಲ್ಲಿಯೇ ಸುತ್ತುವರಿದು, ತಳದ ಹಗ್ಗವನ್ನು ಸೆಳೆದು ಸಂಚಿಯ ಬಾಯಿಯಂತೆ ಮುಚ್ಚುವ ಬಲೆ. ರಂಪಣಿಯು ಮೀನು ದಡಕ್ಕೆ ಬರುವುದನ್ನು ಕಾಯುತ್ತಿತ್ತು. ಪರ್ಸೀನ್ ಬಲೆಯು ಮೀನು ದಡಕ್ಕೆ ಬರುವ ಮೊದಲೇ ಅದನ್ನು ಎದುರುಗೊಂಡಿತು. ಕೆಲವೇ ವರ್ಷಗಳಲ್ಲಿ, 1980ರ ದಶಕದ ಆರಂಭದ ಹೊತ್ತಿಗೆ, ಹೆಚ್ಚಿನ ರಂಪಣಿ ಕೂಟಗಳು ಚದುರಿಹೋದವು. ತುಂಡುಗಳನ್ನು ಬಿಚ್ಚಿ ಅವರವರ ಮನೆಗೆ ಕೊಂಡೊಯ್ದರು. ನಮ್ಮ ಊರಿನಲ್ಲಿ ಬಹುಕಾಲ ಬಸಳೆ ಚಪ್ಪರಕ್ಕೂ ತರಕಾರಿ ಮಡಿಯ ಬೇಲಿಗೂ ಕಟ್ಟಿದ್ದುದು ಆ ರಂಪಣಿಯ ತುಂಡುಗಳೇ.

ಈ ಬದಲಾವಣೆ ನಮ್ಮ ಧರ್ಮಕೇಂದ್ರವನ್ನೇ ಎರಡಾಗಿಸಿತು ಎಂಬುದನ್ನು ಮರೆಮಾಚದೆ ಹೇಳಬೇಕಾಗಿದೆ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ತಮ್ಮನು ಸಾಲ ಮಾಡಿ ಪರ್ಸೀನ್ ದೋಣಿಯೊಂದರಲ್ಲಿ ಪಾಲು ಕೊಂಡನು. ಅಣ್ಣನು ಪಟ್ಟೆಬಲೆ ಮತ್ತು ಪಾತಿಯನ್ನು ಬಿಡಲಿಲ್ಲ. “ನಿನ್ನ ಬಲೆಗೆ ನಮ್ಮ ಅಂಗಳದ ಮೀನೇ ಬೇಕಾಯಿತೇ?” ಎಂದು ಅಣ್ಣ ಒಮ್ಮೆ ಕೇಳಿದ ಮೇಲೆ ಅವರ ನಡುವೆ ಮಾತು ನಿಂತಿತು. ಹನ್ನೊಂದು ವರ್ಷ ಅವರು ಇಗರ್ಜಿಯಲ್ಲಿ ಎಡಕ್ಕೊಬ್ಬರು, ಬಲಕ್ಕೊಬ್ಬರು ಕುಳಿತರು. ನಾವೆಲ್ಲರೂ ಒಂದಲ್ಲ ಒಂದು ಪಕ್ಷ ವಹಿಸಿದೆವು. ಸಂಧಾನ ಮಾಡಬೇಕಾದವರು ಸಾಕ್ಷಿಗಳಂತೆ ನಿಂತೆವು. ತಮ್ಮನ ಪರವಾಗಿಯೂ ನ್ಯಾಯವಿರಲಿಲ್ಲವೆಂದಲ್ಲ. ಆ ಬಲೆಯ ಹಣದಿಂದ ನಮ್ಮಲ್ಲಿ ಹಂಚಿನ ಮನೆಗಳೆದ್ದವು, ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲೇರಿದರು. ಮುಂದೆ ಸಾಲದ ಹೊರೆಯಿಂದ ಆ ದೋಣಿಯೂ ಮಾರಿಹೋಯಿತು. ಅಣ್ಣನು ಇಂದು ನಮ್ಮೊಂದಿಗಿಲ್ಲ. ಕೊನೆಯ ವರ್ಷಗಳಲ್ಲಿ ಇಬ್ಬರೂ ಚಪ್ಪರದ ಒಂದೇ ಹಲಗೆಯ ಮೇಲೆ ಕುಳಿತು ಪ್ರತಿ ಭಾನುವಾರ ಇದೇ ವಿಷಯಕ್ಕೆ ಜಗಳವಾಡುತ್ತಿದ್ದರು. ಮಾತು ಬಿಟ್ಟ ಮೌನಕ್ಕಿಂತ ಆ ಜಗಳ ಎಷ್ಟೋ ಮೇಲೆಂದು ನಮಗೆ ತೋರಿತು.

ನಮ್ಮ ಚಪ್ಪರದ ಈ ಜಗಳ ಇಡೀ ಪಶ್ಚಿಮ ಕರಾವಳಿಯ ಜಗಳವೇ ಆಗಿತ್ತು. ನೆರೆಯ ಗೋವೆಯಲ್ಲಿ ರಾಂಪಣಕಾರರು ಸಂಘಟಿತರಾಗಿ ಹೋರಾಟಕ್ಕಿಳಿದರು. ಶಿಕ್ಷಕರಾಗಿದ್ದ ಮಥಾನಿ ಸಲ್ಡಾನ್ಹಾ ಅವರ ಮುಂದಾಳುಗಳಲ್ಲೊಬ್ಬರು. 1978ರಲ್ಲಿ ಮೀನುಗಾರರ ರಾಷ್ಟ್ರೀಯ ವೇದಿಕೆ ರೂಪುಗೊಂಡಿತು. ಕೇರಳದ ಧರ್ಮಗುರು ಥಾಮಸ್ ಕೋಚೇರಿ ಮುಂದೆ ಅದರ ನಾಯಕತ್ವ ವಹಿಸಿದರು. 1980ರಲ್ಲಿ ಗೋವೆ ಮತ್ತು ಕೇರಳಗಳಲ್ಲಿ, 1986ರಲ್ಲಿ ನಮ್ಮ ಕರ್ನಾಟಕದಲ್ಲಿ, ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾಯಿದೆಗಳಾದವು. ದಡದ ಸಮೀಪದ ನೀರು ಸಣ್ಣ ದೋಣಿಗಳಿಗೆ ಮೀಸಲು ಎಂಬ ತತ್ವ ಕಾನೂನಿನ ಪುಟಕ್ಕೆ ಬಂದುದು ಹೀಗೆ. 1989ರಲ್ಲಿ ಪೂರ್ವ ಪಶ್ಚಿಮ ಕರಾವಳಿಗಳೆರಡರಿಂದ ಹೊರಟ ಯಾತ್ರೆಗಳು ನೀರನ್ನು ಉಳಿಸಿ, ಬದುಕನ್ನು ಉಳಿಸಿ ಎಂಬ ಕರೆಯೊಡನೆ ಮೇ 1ರಂದು ಕನ್ಯಾಕುಮಾರಿಯಲ್ಲಿ ಸಂಧಿಸಿದವು. ಅಲ್ಲಿ ಪೊಲೀಸರ ಗೋಲಿಬಾರೂ ನಡೆಯಿತು. ರಂಪಣಿಯ ಹಗ್ಗ ಹಿಡಿದ ಕೈಗಳು ಮನವಿಪತ್ರ ಹಿಡಿಯಲು ಕಲಿತ ಕಾಲವದು.

ವಾದ ಇಂದಿಗೂ ಮುಗಿದಿಲ್ಲ. ರಾತ್ರಿ ಪ್ರಖರ ದೀಪ ಹಾಕಿ ಮೀನನ್ನು ಸೆಳೆದು ಹಿಡಿಯುವ ಕ್ರಮವನ್ನು ಕೇಂದ್ರ ಸರಕಾರವು 2017ರಲ್ಲಿ ನಿಷೇಧಿಸಿತು. ಆದರೂ ಆ ಕುರಿತ ಸಂಘರ್ಷ ನಿಂತಿಲ್ಲ. ಜೂನ್, ಜುಲೈ ತಿಂಗಳುಗಳ 61 ದಿನ ಯಂತ್ರದ ದೋಣಿಗಳು ಲಂಗರು ಹಾಕಬೇಕು, ಸಣ್ಣ ನಾಡದೋಣಿಗಳಿಗೆ ವಿನಾಯಿತಿಯುಂಟು. ಆದರೆ ಮಳೆಗಾಲದ ಕಡಲಿಗೆ ಸಣ್ಣ ದೋಣಿಯನ್ನಿಳಿಸುವುದು ಎಂತಹ ವಿನಾಯಿತಿಯೆಂಬುದು ಇಳಿಸಿದವರಿಗೇ ಗೊತ್ತು. ಹಾಗೆಯೇ ಪಾಲು ಕಡಲಿನದಷ್ಟೇ ಅಲ್ಲ, ದಡದ್ದೂ ಹೌದು. ದೊಡ್ಡ ದೋಣಿಗೆ ಬಂದರು ಬೇಕು. ಪಾತಿಗೆ ಎಳೆದಿಡಲು ಒಂದಿಷ್ಟು ಹೊಯಿಗೆ ಸಾಕು. ಆ ಹೊಯಿಗೆಯೇ ಹೋದರೆ ಪಾತಿಯೂ ಹೋದಂತೆ. 1986ರಲ್ಲಿ ಅಡಿಗಲ್ಲು ಹಾಕಿ 2005ರಲ್ಲಿ ಕಾರ್ಯಾರಂಭಿಸಿದ ಕಾರವಾರದ ನೌಕಾನೆಲೆಗಾಗಿ ಮೀನುಗಾರ ಕುಟುಂಬಗಳು ತಮ್ಮ ತೀರವನ್ನು ಬಿಟ್ಟುಕೊಟ್ಟವು. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಯನ್ನು ವಿರೋಧಿಸಿ ಜನ ಬೀದಿಗಿಳಿದುದೂ ಉಳಿದ ತೀರಕ್ಕಾಗಿಯೇ.

ಎಲ್ಲಕ್ಕೂ ಬಲೆಯೇ ಕಾರಣವೆಂದು ಹೇಳುವ ಹಿರಿಯರಿಗೆ ವಿಜ್ಞಾನಿಗಳು ಇನ್ನೊಂದು ಮಾತನ್ನು ನೆನಪಿಸುತ್ತಾರೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಭೂತಾಯಿ ದೊರೆತಿತ್ತು. 2021ರಲ್ಲಿ ಅದು ಸುಮಾರು 3,300 ಟನ್‌ಗೆ ಕುಸಿಯಿತು. ಈ ಏರಿಳಿತಕ್ಕೆ ಬಲೆಯ ಜೊತೆಗೆ ಕಡಲಿನ ಬಿಸಿ, ಮಳೆ, ನೀರೊಳಗಿನ ಆಹಾರದ ವ್ಯತ್ಯಾಸಗಳೂ ಕಾರಣವಾಗುತ್ತವೆ. ಅಂದರೆ ಕಡಲು ಕೊಡುವಷ್ಟು ಮಾತ್ರ ಹಂಚಿಕೊಳ್ಳಲು ಸಾಧ್ಯ. ಹೇಗೆ ಹಂಚಿಕೊಳ್ಳಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಶತಮಾನೋತ್ಸವದ ಈ ಸಂದರ್ಭದಲ್ಲಿ ಊರಿನ ತರುಣರಲ್ಲಿ ನಮ್ಮದೊಂದು ವಿನಂತಿ. ದೋಣಿಚಪ್ಪರದ ಮಾತನ್ನು ಮುದುಕರ ಕಾಲಹರಣವೆಂದು ಬಗೆಯಬೇಡಿ. ಒಂದು ನೋಟುಪುಸ್ತಕ ಹಿಡಿದು ಅಲ್ಲಿ ಕುಳಿತುಕೊಳ್ಳಿ. ದೋಣಿಯ ಅಳತೆ, ಗಾಳಿಯ ಹೆಸರು, ಬಲೆಯ ಕಣ್ಣು, ಇವುಗಳೊಡನೆ ಪಾಲಿನ ಲೆಕ್ಕವನ್ನೂ ತಪ್ಪದೆ ಬರೆದಿಡಿ. ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿಯಲ್ಲಿ ದೋಣಿಗಳು ಗೆದ್ದಲು ಹಿಡಿದವು, ಬಲೆಗಳು ಬೇಲಿಯಾದವು. ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲುಂಟು ಎಂಬ ಆ ಒಂದು ಮಾತಾದರೂ ಮುಂದಿನ ನೂರು ವರ್ಷ ಈ ತೀರದಲ್ಲಿ ಉಳಿಯಲಿ ಎಂಬುದೇ ನಮ್ಮ ಹಾರೈಕೆ.