ಬಾರಾಮಹಲಿನ ಫಾರ್ಸಿ: ಲೆಕ್ಕದ ಪುಸ್ತಕದಿಂದ ಹೊಲದವರೆಗೆ

ವ್ಯಾಕರಣದ ತರಗತಿಯಲ್ಲಿ ‘ಅನ್ಯದೇಶ್ಯ’ ಅಂತ ಒಂದು ಪಟ್ಟಿ ಬರೆಸ್ತಾರೆ. ತಹಶೀಲ್ದಾರ, ಜಮಾಬಂದಿ, ಶಿರಸ್ತೇದಾರ. ಪಕ್ಕದಲ್ಲಿ ಫಾರ್ಸಿ, ಅರಬ್ಬಿ ಅಂತ ಗುರುತು ಹಾಕಿ ಮುಂದೆ ಹೋಗ್ತೇವೆ. ಈ ಪದಗಳು ಯಾಕೆ ಇಷ್ಟು ಗಟ್ಟಿಯಾಗಿ ಉಳಿದವು ಅನ್ನೋದಕ್ಕೆ ಧರ್ಮಪುರಿ, ಸೇಲಂ ಸೀಮೆಯನ್ನು ನೋಡಬೇಕು ಅನ್ನೋದು ನನ್ನ ವಾದ.

ಈ ಸೀಮೆಯ ಬಹುಭಾಗಕ್ಕೆ ಆಗ ಬಾರಾಮಹಲ್ ಅಂತ ಹೆಸರು. ‘ಮಹಲ್’ ಅಂದರೆ ಇಲ್ಲಿ ಅರಮನೆಯಲ್ಲ, ಕಂದಾಯದ ಘಟಕ. ಹೈದರ್, ಟಿಪ್ಪು ಕಾಲದಲ್ಲಿ ಇದು ಮೈಸೂರಿನದು. ದರ್ಬಾರಿನ ಭಾಷೆ ಫಾರ್ಸಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇದು ಕಂಪನಿಯ ಪಾಲಾಯಿತು. ಕಂದಾಯ ನಿಗದಿಗೆ ಬಂದ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಇಬ್ಬರೂ ಸೈನ್ಯಾಧಿಕಾರಿಗಳು. ಮನ್ರೋಗೆ ಫಾರ್ಸಿ ಗೊತ್ತಿತ್ತು. ಧಣಿ ಬದಲಾದರೂ ಲೆಕ್ಕದ ಮಾತು ಬದಲಾಗಲಿಲ್ಲ. ಅಲ್ಲಿ ರೂಪುಗೊಂಡ ಪದ್ಧತಿಯ ಹೆಸರೇ ‘ರೈತವಾರಿ’.

ಈಗ ‘ರೈತ’ ಅನ್ನೋ ಪದವನ್ನೇ ತಗೊಳ್ಳಿ. ನಮಗೆ ಇದಕ್ಕಿಂತ ಮಣ್ಣಿನ ಪದ ಇನ್ನೊಂದಿಲ್ಲ ಅನ್ಸುತ್ತೆ. ಮೂಲ ಅರಬ್ಬಿಯ ‘ರಈಯ್ಯತ್’. ಮೇಯಿಸಿ ಕಾಯುವ ಮಂದೆ, ಹಾಗೇ ದೊರೆಯ ಪ್ರಜೆ ಅಂತ ಅರ್ಥ. ಉಳುವುದಕ್ಕೂ ಈ ಪದಕ್ಕೂ ಮೊದಲು ಸಂಬಂಧವೇ ಇರಲಿಲ್ಲ. ನಮ್ಮ ‘ಒಕ್ಕಲು’ ಮನೆತನವನ್ನೂ ಬೇಸಾಯವನ್ನೂ ಒಟ್ಟಿಗೆ ಹೇಳುತ್ತೆ. ‘ರೈತ’ ಮೇಲಿರುವವನ ಕಡೆಯಿಂದ ನೋಡಿ ಇಟ್ಟ ಹೆಸರು. ಮುಂದೆ ಅದೇ ಹೆಸರನ್ನು ಚಳವಳಿಗಳು ಎತ್ತಿಕೊಂಡು ಸರ್ಕಾರದ ಎದುರೇ ನಿಂತವು. ಪಟ್ಟಿಯಲ್ಲಿ ‘ಅರಬ್ಬಿ’ ಅಂತ ಬರೆದರೆ ಈ ಪಯಣ ಕಾಣೋದಿಲ್ಲ.

(ಶಿರಸ್ತೇದಾರನಲ್ಲಿ ಸಂಸ್ಕೃತದ ಶಿರಸ್ಸು ಹುಡುಕಬೇಡಿ. ಅದು ಫಾರ್ಸಿಯ ‘ಸರ್‌ರಿಶ್ತಾದಾರ್’, ದಾರದ ತುದಿ ಹಿಡಿದವನು. ಆದರೂ ‘ಸರ್’ ಮತ್ತು ‘ಶಿರ’ ದೂರದ ದಾಯಾದಿಗಳು ಅನ್ನೋದು ನಿಜ.)

ಫಸಲಿಯ ಕಥೆ ಇನ್ನೂ ಸ್ವಾರಸ್ಯ. ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನ. ಸುಗ್ಗಿ ಮಾತ್ರ ಸೂರ್ಯನನ್ನು ನಂಬಿದ್ದು. ಹಾಗಾಗಿ ಕಂದಾಯದ ದಿನಕ್ಕೆ ಬೆಳೆ ಇನ್ನೂ ಹೊಲದಲ್ಲೇ ಇರೋ ತಾಪತ್ರಯ. ಅಕ್ಬರ್ ಕಾಲದಲ್ಲಿ ಬೆಳೆಗೆ ಹೊಂದಿಸಿದ ಫಸಲಿ ವರ್ಷ ಬಂತು. ನಾವು ಬೆಳೆಗೆ ‘ಫಸಲು’ ಅನ್ನೋದೂ ಅದೇ ಪದ. ತಮಿಳುನಾಡಿನ ಕಂದಾಯ ಇಲಾಖೆ ಇವತ್ತಿಗೂ ಇದನ್ನೇ ಎಣಿಸುತ್ತೆ: 2024ರ ಜುಲೈಯಿಂದ 2025ರ ಜೂನ್‌ವರೆಗೆ ಫಸಲಿ 1434. ಧರ್ಮಪುರಿಯ ಕನ್ನಡದ ಒಕ್ಕಲಿಗ ತಾಲ್ಲೂಕು ಕಚೇರಿಗೆ ಹೋದರೆ ಕಾಗದವೆಲ್ಲ ತಮಿಳು. ಅದರಲ್ಲಿ ‘ಫಸಲಿ’, ‘ಜಮಾಬಂದಿ’ ಎರಡನ್ನು ಮಾತ್ರ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.